ಐದು ಕೊಡುವ ಗಾಡಿ

ಹಿಂಗಾರಿ ಜೋಳದ ರಾಶಿ ಮುಗಿದಿತ್ತು. ಶಿವರಾತ್ರಿಯ ಚಳಿ ಬೈಲಹೊಂಗಲ ಬಿಟ್ಟು ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿತ್ತು. ಅಂಥದೊಂದು ಮುಂಜಾನೆ, ರಾಮದುರ್ಗದ ಮೊದಲ ಬಸ್ಸು ಸ್ಟ್ಯಾಂಡ್ ಬಿಡುವ ಹೊತ್ತಿಗೆ ಸರಿಯಾಗಿ, ಬದನೇಕಾಯಿ ಬಣ್ಣದ ಒಂದು ಸಣ್ಣ ಕಾರು ಬಂದು ಬಸವಣ್ಣೆಪ್ಪನ ಮನೆಯ ಮುಂದೆ ನಿಂತಿತು. ಗೊಂದಲ ಶುರುವಾದದ್ದು ಆಗ.

ಬಸವಣ್ಣೆಪ್ಪ ಬಸ್ಸಿನ ಕಂಡಕ್ಟರನಾಗಿ ದುಡಿದು ನಿವೃತ್ತನಾದವನು. ತನ್ನ ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ಡ್ರೈವರನ ಬೆನ್ನು ನೋಡುತ್ತಲೇ ಕಳೆದಿದ್ದ. ಬಾಗಿಲು ಎಳೆದು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ರೈಟ್!" ಎಂದರೆ ಬಸ್ಸು ಹೊರಡುತ್ತಿತ್ತು. ಹೊರಡಿಸುವವನು ತಾನು, ಓಡಿಸುವವನು ಇನ್ನೊಬ್ಬ ಎಂಬ ಕೊರಗು ಅವನ ಎದೆಯಲ್ಲಿ ಎಲುಬಿನ ಚೂರಿನಂತೆ ಸಿಕ್ಕಿಕೊಂಡಿತ್ತು. ಹೆಂಡತಿ ಶಟ್ಟೆವ್ವನ ಕೊರಗು ಬೇರೆ. ಆಕೆಯ ತವರು ಸುರೇಬಾನ. ತವರಿಗೆ ಕರೆದುಕೊಂಡು ಹೋಗಿರಿ, ಕಿತ್ತೂರ ಕೋಟೆ ತೋರಿಸಿರಿ ಎಂದಾಗಲೆಲ್ಲ ಗಂಡ ಹೇಳುತ್ತಿದ್ದದ್ದು ಒಂದೇ ಮಾತು: "ದಿನಾ ಹೋಗೇ ಹೋಗತೇನಿ. ಮತ್ತ ಎಲ್ಲಿಗೆ ಹೋಗೂದು?"

ಹೀಗಾಗಿ ಕಾರು ಬಂದ ದಿನ ಹೆಚ್ಚು ಹಿಗ್ಗಿದವಳು ಶಟ್ಟೆವ್ವ. ಆರತಿ ಎತ್ತಿದಳು, ಗಾಲಿಗೆ ಲಿಂಬೆಹಣ್ಣು ಇಟ್ಟಳು. ಬಸವಣ್ಣೆಪ್ಪ ಮಾತ್ರ ಈ ಸೆಕೆಂಡ್ ಹ್ಯಾಂಡ್ ಗಾಡಿ ಕೊಡಿಸಿದ ಏಜೆಂಟ ಸಾಗರನನ್ನು ಪಕ್ಕಕ್ಕೆ ಕರೆದು, ಕನ್ಯಾ ನೋಡಲು ಬಂದವರು ಹುಡುಗಿಯ ಗುಣ ಕೇಳುವ ದನಿಯಲ್ಲಿ ಕೇಳಿದ:

"ಎವರೇಜ್ ಎಷ್ಟ ಕೊಡತೈತಿ?"

"ಇಪ್ಪತ್ತಕ್ಕ ಮೋಸಿಲ್ರಿ ಕಾಕಾ. ನಾ ಹೇಳೂದ ಬ್ಯಾಡ, ಗಾಡೀನ ನಿಮಗ ತೋರಸ್ತೈತಿ. ಇಲ್ಲಿ ನೋಡ್ರಿ, ಸ್ಟೇರಿಂಗ್ ಮುಂದ ನಂಬರ್ ಬರತೈತಿ. ಈ ಕಡ್ಡಿ ಒತ್ತಿದ್ರ ಸೊನ್ನಿ, ಮತ್ತ ಹೊಸದಾಗಿ ಲೆಕ್ಕ."

ಇಷ್ಟು ಹೇಳಿ ಸಾಗರ ಹೋದ. ಹೋದವನು ಮತ್ತೆ ಈ ಕಥೆಯಲ್ಲಿ ಬರುವುದಿಲ್ಲ. ಏಜೆಂಟರ ರೀತಿಯೇ ಅದು.

ಬಸವಣ್ಣೆಪ್ಪ ಪಕ್ಕದ ಮನೆಯ ಯಮನಪ್ಪನನ್ನು ಕರೆದ. ಯಮನಪ್ಪನೂ ಅದೇ ಡಿಪೋದವನು, ನಿವೃತ್ತ ಡ್ರೈವರ್. ಬಸವಣ್ಣೆಪ್ಪ ನೋಡುತ್ತ ಕಳೆದ ಬೆನ್ನು ಬಹುಮಟ್ಟಿಗೆ ಇವನದೇ. ನಿವೃತ್ತನಾದ ಮೇಲೆ ಕಲಿತ ಡ್ರೈವಿಂಗಿನಲ್ಲಿ ಬಸವಣ್ಣೆಪ್ಪನೇ ಓಡಿಸಿ, ಇಬ್ಬರೂ ಮುರಗೋಡದ ತನಕ ಹೋಗಿ ಮಠಕ್ಕೆ ಕೈಮುಗಿದು ತಿರುಗಿ ಬಂದರು. ಮನೆಯ ಮುಂದೆ ನಿಲ್ಲಿಸಿ ಬಸವಣ್ಣೆಪ್ಪ ಚಾಳೀಸು ಮೂಗಿಗೇರಿಸಿ ನೋಡಿದ. ಗಾಜಿನೊಳಗೆ ಹಸಿರು ಅಂಕಿ ಹೊಳೆಯುತ್ತಿತ್ತು. ಐದು.

"ಯಮನಪ್ಪಾ, ಐದ ಐತಲ್ಲೋ!"

"ಐದ?" ಯಮನಪ್ಪನ ಮುಖ ಅರಳಿತು. "ನಾ ಐದ ತಂದ ವರ್ಷ ಡಿಪೋ ಮ್ಯಾನೇಜರ್ ಸಾಹೇಬ್ರು ನನ್ನ ಕೊಳ್ಳಾಗ ಹಾರ ಹಾಕಿದ್ರು. ನೆನಪೈತಿಲ್ಲೊ?"

"ಅದು ಬಸ್ಸಲೇ ಹುಚ್ಚಪ್ಪಾ! ಐವತ್ತ ಮಂದಿ ಹೊತ್ತು ಐದ. ಇದು ಇಬ್ಬರನ್ನ ಹೊತ್ತು ಐದ!"

ಡಿಪೋದ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ದೇವರ ಪಟದ ಮಗ್ಗುಲಲ್ಲೇ ಒಂದು ಕರಿಹಲಗೆ ಇರುತ್ತದೆ. ಒಂದು ಲೀಟರಿಗೆ ಯಾವ ಡ್ರೈವರ್ ಎಷ್ಟು ಕಿಲೋಮೀಟರ್ ಬಸ್ಸು ಓಡಿಸಿದ ಎಂಬುದನ್ನು ಅದರ ಮೇಲೆ ಬರೆಯುತ್ತಾರೆ. ಬಸ್ಸಿಗೆ ಐದು ಬಂದರೆ ಡ್ರೈವರ್ ಮೀಸೆ ತಿರುವುತ್ತಾನೆ, ನಾಲ್ಕಕ್ಕೆ ಇಳಿದರೆ ತಲೆ ತಗ್ಗಿಸುತ್ತಾನೆ. ಆ ಹಲಗೆಯ ಕೆಳಗೆ ನರೆತ ಬಸವಣ್ಣೆಪ್ಪನಿಗೆ ಐದು ಎಂಬ ಅಂಕಿ ಕಂಡರೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಎಣ್ಣೆ ಕುಡಿದು ಓಡುವ ವಾಹನ ಐದು ಕೊಡುವುದು ಅವನ ಲೋಕದಲ್ಲಿ ಸಹಜ. ತನಗೆ ಸಿಕ್ಕದ್ದು ಕಾರಿನ ವೇಷ ಹಾಕಿದ ಬಸ್ಸು ಎಂದು ಅವನಿಗೆ ಖಾತ್ರಿಯಾಯಿತು.

ಓದುವವರಿಗೆ ನಿಜ ಸಂಗತಿ ಈಗಲೇ ಹೇಳಿಬಿಡುವುದು ನ್ಯಾಯ. ಆ ಕಾರಿನ ಮೊದಲ ಒಡೆಯ ಪರದೇಶದಲ್ಲಿ ಇದ್ದು ಬಂದ ಯಾರೋ ಡಾಕ್ಟರು. ಲೆಕ್ಕವನ್ನು ಆ ಕಡೆಯ ಪದ್ಧತಿಗೆ ತಿರುಗಿಸಿ ಇಟ್ಟಿದ್ದರು. ನೂರು ಕಿಲೋಮೀಟರ್ ಹೋಗಲು ಎಷ್ಟು ಲೀಟರ್ ಬೇಕಾಯಿತು ಎಂಬುದು ಆ ಅಂಕಿಯ ಅರ್ಥ. ನೂರಕ್ಕೆ ಐದು ಲೀಟರ್ ಎಂದರೆ ಲೀಟರಿಗೆ ಇಪ್ಪತ್ತು. ಸಾಗರ ಸುಳ್ಳು ಹೇಳಿರಲಿಲ್ಲ. ಆ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಒಳ್ಳೆಯದು, ಏರಿದಷ್ಟೂ ಕೆಟ್ಟದು. ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಬರೆದೂ ಇತ್ತು. ಬಸವಣ್ಣೆಪ್ಪ ಅದನ್ನು ನೋಡಲಿಲ್ಲವೆಂದಲ್ಲ. ಲೀಟರಿನ ಅಕ್ಷರವಿದೆ, ಕಿಲೋಮೀಟರಿನ ಅಕ್ಷರವಿದೆ, ಸರಿಯಾಯಿತು ಎಂದುಕೊಂಡ. ನಡುವಿನ ನೂರನ್ನು, ನೂರರ ಮೇಲೆ ಓಡಿಸಬೇಡಿರೆಂಬ ಕಂಪನಿಯ ಎಚ್ಚರಿಕೆ ಎಂದು ತಿಳಿದ.

ಈ ಸಂಗತಿ ನಮಗೆ ಗೊತ್ತು. ಬಸವಣ್ಣೆಪ್ಪನಿಗೆ ಗೊತ್ತಿಲ್ಲ. ಮುಂದಿನದೆಲ್ಲ ಆದದ್ದು ಅದರಿಂದಲೇ.

"ಚಿಂತಿ ಮಾಡಬ್ಯಾಡ," ಎಂದ ಯಮನಪ್ಪ. "ಗಾಡಿ ಕೆಟ್ಟಿಲ್ಲ, ನಿನ್ನ ಕಾಲ ಕೆಟ್ಟೈತಿ. ನಾ ಹೊಡದ ತೋರಸ್ತೇನಿ."

ಮರುದಿನ ಯಮನಪ್ಪ ಸ್ಟೇರಿಂಗ್ ಹಿಡಿದ. ಎಕ್ಸಿಲೇಟರ್ ಕೆಳಗೆ ಹಸಿ ಹಪ್ಪಳ ಇದೆಯೆಂದು ತಿಳಿದು ಕಾಲಿಡಬೇಕು ಎಂಬುದು ಅವನ ವಿದ್ಯೆ. ಹಾಗೆಯೇ ಇಟ್ಟ. ಏಸಿ ಬಂದ್. ಹಿಂದೆ ಕುಳಿತ ಶಟ್ಟೆವ್ವನಿಗೆ, "ಕಾಲ್ಮರಿ ಮನ್ಯಾಗ ಬಿಟ್ಟ ಬಾ, ಸುಮ್ನ ಭಾರ," ಎಂದು ಗಂಡನ ಅಪ್ಪಣೆಯಾಗಿತ್ತು. ಕಾರು ಬರಿಗಾಲಿನ ಶಟ್ಟೆವ್ವನನ್ನು ಹೊತ್ತು ಸವದತ್ತಿ ರಸ್ತೆಯಲ್ಲಿ ಮೆಲ್ಲಗೆ ಹೊರಟಿತು. ಸೈಕಲ್ಲಿನವನು ಮುಂದೆ ಹೋದ. ಕಬ್ಬಿನ ಟ್ರ್ಯಾಕ್ಟರು ಹಾರ್ನ್ ಹೊಡೆದು ಹೊಡೆದು ಮುಂದೆ ಹೋಯಿತು. ಎತ್ತಿನ ಬಂಡಿಯ ಮೇಲಿದ್ದ ಒಬ್ಬ ಮುದುಕ ಬಗ್ಗಿ ನೋಡಿ, "ಏನ ಕೆಟ್ಟೈತ್ರಿ? ಹಗ್ಗ ಕೊಡಲ್ಯಾ?" ಎಂದು ಮರುಕದಿಂದ ಕೇಳಿದ.

ತಿರುಗಿ ಬಂದು ನೋಡಿದರೆ ನಾಲ್ಕೂವರೆ!

ಯಮನಪ್ಪ ಗಾಜು ಒರೆಸಿ ಮತ್ತೆ ನೋಡಿದ. ಡಿಪೋದಲ್ಲಿ ಹಾರ ಹಾಕಿಸಿಕೊಂಡ ಕಾಲು ಅದು. ಆ ಕಾಲನ್ನೇ ಒಂದು ಸಲ ನೋಡಿಕೊಂಡು, ಇಳಿದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ದಿನ ಅವನು ಊಟ ಮಾಡಲಿಲ್ಲವೆಂದು ಅವನ ಮನೆಯವರು ಬಂದು ಹೇಳಿಹೋದರು.

ಇನ್ನೊಂದು ವಿಚಿತ್ರ. ಪೆಟ್ರೋಲ್ ತೋರಿಸುವ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಮುರಗೋಡಕ್ಕೆ ಹೋಗಿ ಬಂದರೂ ಅಲ್ಲೇ, ಸವದತ್ತಿ ರಸ್ತೆ ತಿರುಗಿ ಬಂದರೂ ಅಲ್ಲೇ. ಲೀಟರಿಗೆ ನಾಲ್ಕೂವರೆ ಕೊಡುವ ಗಾಡಿಯ ಮುಳ್ಳು ಇಳಿಯದಿದ್ದರೆ ಏನರ್ಥ? ಬಸವಣ್ಣೆಪ್ಪ ಬೆರಳಿನಿಂದ ಗಾಜು ಕುಟ್ಟಿ ನೋಡಿ, "ಮುಳ್ಳೂ ಸತ್ತೈತಿ," ಎಂದು ನಿಟ್ಟುಸಿರು ಬಿಟ್ಟ.

ಈ ದುಃಖದ ನಡುವೆಯೇ ಶಟ್ಟೆವ್ವನ ತಮ್ಮ ಮಡಿವಾಳೆಪ್ಪ ಸುರೇಬಾನದಿಂದ ಬಂದ. ಮಡಿವಾಳೆಪ್ಪ ಯಾರ ಮನೆಗೆ ಹೋದರೂ ಆ ಮನೆಯಲ್ಲಿ ಬೇಡವಾದದ್ದು ಏನಿದೆ ಎಂದು ಮೊದಲು ನೋಡುವವನು. ಚಹಾ ಬಶಿಗೆ ಸುರುವಿಕೊಂಡು ಕೇಳಿದ:

"ಮಾವಾರ, ಊರ ತುಂಬ ಸುದ್ದಿ. ಗಾಡಿ ಐದ ಕೊಡತೈತೆಂತಲ್ಲ?"

"ನಾಕೂವರಿ," ಎಂದಳು ಶಟ್ಟೆವ್ವ ಒಳಗಿನಿಂದ. ಆಕೆಗೆ ಸುಳ್ಳು ಬರುತ್ತಿರಲಿಲ್ಲ.

"ನಮ್ಮ ಎಮ್ಮಿ ನೋಡ್ರಿ. ಅದೂ ಲೀಟರ್ ಲೆಕ್ಕನ. ಆದ್ರ ಅದು ಲೀಟರ್ ಕೊಡತೈತಿ, ನಿಮ್ಮದು ಲೀಟರ್ ಕುಡಿತೈತಿ. ಹಿಂಗ ಮಾಡೂಣು, ಗಾಡಿ ನನಗ ಕೊಡ್ರಿ, ಎಮ್ಮಿ ನಿಮ್ಮ ಅಂಗಳಕ್ಕ ತಂದ ಕಟ್ಟತೇನಿ."

"ಐದ ಕೊಡೂ ಗಾಡಿ ತಗೊಂಡ ನೀ ಏನ ಮಾಡ್ತಿ?"

"ಹೊಲದ ತನಕ ಹೋದ್ರ ಸಾಕ್ರಿ. ಕಾರ ಇದ್ದಾವ ಅನಿಸ್ಕೊಂಡ್ರ ಸಾಕು."

ಶಟ್ಟೆವ್ವ ಲಟ್ಟಣಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದಳು. "ತಮ್ಮಾ, ಅದು ಒದಿಯೂ ಎಮ್ಮಿ. ಅವ್ವನ ಸೊಂಟಕ್ಕ ಒದ್ದದ್ದು ಮರತಿ ಏನ? ಇಷ್ಟ ವರ್ಷ ಇವರ ಡ್ಯೂಟಿ ಮುಗೀಲಿ ಅಂತ ಕಾದೇನಿ. ಈಗ ಕಿತ್ತೂರ ನೋಡೂ ಹೊತ್ತಿಗೆ ಶೆಗಣಿ ಬಾಚಾಕ ಹಚ್ಚತಿ?"

ಬಸವಣ್ಣೆಪ್ಪನಿಗೆ ಹೆಂಡತಿಯ ಮಾತು ಕೇಳಿಸಲಿಲ್ಲ. ಮಾನ ಹೋಗುವ ಹೊತ್ತಿನಲ್ಲಿ ಗಂಡಸರಿಗೆ ಆ ಕಿವಿ ಮಂದ. ಎದ್ದು ನಿಂತು ಗುಡುಗಿದ: "ಯುಗಾದಿಯೊಳಗ ಈ ಗಾಡಿ ಇಪ್ಪತ್ತ ತೋರಸ್ತೈತಿ! ಯಲ್ಲಮ್ಮನ ಗುಡ್ಡದ ಹಾದ್ಯಾಗ ನಿನ್ನ ಕಣ್ಣ ಮುಂದ ತೋರಸ್ತೇನಿ. ತೋರಸ್ಲಿಲ್ಲಂದ್ರ ಗಾಡಿ ನಿಂದು, ಎಮ್ಮಿ ನಂದು."

"ಮಾತ ಅಂದ್ರ ಮಾತ?"

"ಮಾತ ಅಂದ್ರ ಮಾತ!"

ಶಟ್ಟೆವ್ವ ಲಟ್ಟಣಿಗೆಯನ್ನು ಒಮ್ಮೆ ಗಂಡನ ಕಡೆ, ಒಮ್ಮೆ ತಮ್ಮನ ಕಡೆ ತಿರುಗಿಸಿ, ಯಾರಿಗೂ ತಾಗಿಸದೆ ಒಳಗೆ ಹೋದಳು. ಆ ಸಂಜೆ ರೊಟ್ಟಿಗಳು ಎಂದಿಗಿಂತ ತೆಳ್ಳಗೆ ಬಂದವು. ಅಷ್ಟು ಸಿಟ್ಟಿನಿಂದ ತಟ್ಟಿದ್ದಳು.

ಇಪ್ಪತ್ತರ ದಾರಿ ತೆರೆದದ್ದು ಕಾಡವ್ವನಿಂದ.

ಕಾಡವ್ವನದು ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ. ತಾನು ಮಾಡಿದ್ದನ್ನು ಮೊದಲು ತಾನೇ ಉಂಡು ನೋಡಿ ಗಿರಾಕಿಗೆ ಬಡಿಸುವ ನಿಯತ್ತಿನವಳು, ಆ ನಿಯತ್ತು ಮೈಯಲ್ಲಿ ಎದ್ದು ಕಾಣುತ್ತಿತ್ತು. ಒಂದು ಮುಂಜಾನೆ ಎರಡು ಜೋಳದ ಚೀಲ ಮುಂದಿಟ್ಟುಕೊಂಡು ದಾರಿಯಲ್ಲಿ ನಿಂತಿದ್ದಳು.

"ಬಸವಣ್ಣೆಪ್ಪಾ, ಗಿರಣಿ ತನಕ ಬಿಡೋ. ಆಟೋದಾವ ನನ್ನ ನೋಡಿ ಓಡಿ ಹೋದ."

ಇಲ್ಲವೆನ್ನಲು ಬಸವಣ್ಣೆಪ್ಪನಿಗೆ ಬಾಯಿ ಬರಲಿಲ್ಲ. ಚೀಲಗಳು ಹಿಂದೆ, ಕಾಡವ್ವ ಮುಂದೆ. ಕಾರು ಒಂದು ಬದಿಗೆ ವಾಲಿ ನಿಟ್ಟುಸಿರಿಟ್ಟಿತು. ಹತ್ತಿದವಳೇ, "ಥಣ್ಣನ ಗಾಳಿ ಹಚ್ಚೋ, ಜೀವ ಹೊಂಟೈತಿ," ಎಂದು ಏಸಿಯ ಗುಂಡಿಯನ್ನು ತಾನೇ ತಿರುಗಿಸಿದಳು. ಪೇಟೆಯ ಗದ್ದಲ, ಎರಡನೇ ಗೇರು, ಹೆಜ್ಜೆಗೊಮ್ಮೆ ಬ್ರೇಕು. ಬಸವಣ್ಣೆಪ್ಪ ಭಯದಿಂದ ಅಂಕಿಯ ಕಡೆ ಕಣ್ಣು ಹಾಯಿಸಿದ.

ಆರು. ನೋಡುತ್ತಿದ್ದಂತೆ ಏಳು. ಗಿರಣಿಯ ಮುಂದೆ ಏಳೂವರೆ!

"ಬಾಗಲಾ ತಗಿಯೋ, ಇಳೀತೇನಿ."

"ಕಾಡವ್ವಾ, ಇಳೀಬ್ಯಾಡ!"

"ಗಿರಣಿ ಬಂತಲ್ಲೋ!"

"ಬರಲಿ! ಇನ್ನೊಂದ ಸುತ್ತ ಹಾಕೂಣು. ನಿನ್ನ ಕಾಲ್ಗುಣಾ ನನ್ನ ಗಾಡಿಗೆ ಹತ್ತೇತಿ!"

ಕಾಡವ್ವ ಇಳಿಯಲಿಲ್ಲ. ಗಂಡ ಸತ್ತ ಮೇಲೆ ಆಕೆಯ ಕಾಲ್ಗುಣವನ್ನು ಯಾರೂ ಹೊಗಳಿರಲಿಲ್ಲ. ಜೋಳದ ಚೀಲದೊಂದಿಗೆ ಊರನ್ನೇ ಎರಡು ಸುತ್ತು ಹಾಕಿದರು. ಅಂಕಿ ಎಂಟನ್ನು ಮುಟ್ಟಿತು.

ಸುದ್ದಿ ಕೇಳಿ ಯಮನಪ್ಪ ಬಾಗಿಲು ತೆರೆದು ಹೊರಬಂದ. ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟ:

"ಬಸವಣ್ಣೆಪ್ಪಾ, ಈ ಗಾಡ್ಯಾಗ ಬಸ್ಸಿನ ರಕ್ತ ಐತಿ. ಮಂದಿ ತುಂಬಿದ್ರನ ಇದಕ್ಕ ಹುರುಪ. ಮೆಲ್ಲಗ ಹೊಡದ್ರ ಸೀಟ ಖಾಲಿ ಐತಿ ಅಂತ ತಿಳದ ಮುನಸ್ಕೋತೈತಿ."

ಅಲ್ಲಿಂದ ಬಸವಣ್ಣೆಪ್ಪನ ಸುಖದ ದಿನಗಳು ಶುರುವಾದವು. ಹಸಿ ಹಪ್ಪಳ ಹೋಯಿತು, ಕಾಲು ಬಲವಾಗಿ ಇಳಿಯಿತು. ಎರಡನೇ ಗೇರಿನಲ್ಲಿ ಕಾರು ಗುಮ್ಮೆಂದು ಒದರುತ್ತ ಓಡುವಾಗ ಅವನ ಮೈಯಲ್ಲಿ ಎಳೆತನ ಬಂದಂತಾಗುತ್ತಿತ್ತು. ತಿರುವಿನಲ್ಲಿ ಗಾಲಿ ಕಿರ್ರೆಂದರೆ ಅಂಕಿ ಏರುತ್ತಿತ್ತು. ಖಾಲಿ ರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿ ಗಕ್ಕನೆ ಬಿಟ್ಟರೆ ಇನ್ನೂ ಏರುತ್ತಿತ್ತು. ಏರು ಬಂದರಂತೂ ಹಬ್ಬ. ಇಳಿಜಾರು ಕಂಡರೆ ಮಾತ್ರ ಅವನ ಮುಖ ಬಾಡುತ್ತಿತ್ತು, ಅಲ್ಲಿ ಅಂಕಿ ಬಿದ್ದುಹೋಗುತ್ತಿತ್ತು. ಆದಕಾರಣ ಇಳಿಜಾರು ತಪ್ಪಿಸಲು ಸುತ್ತುದಾರಿ ಹಿಡಿಯುತ್ತಿದ್ದ. ನೆರೆಯವರು ಪುಕ್ಕಟೆ ಸವಾರಿಗೆ ಸಾಲು ನಿಂತರು. ಬಸವಣ್ಣೆಪ್ಪ ಹತ್ತುವವರ ಮೈಕಟ್ಟು ನೋಡಿ ಆರಿಸುತ್ತಿದ್ದ. "ನೀ ಭಾಳ ಸೊರಗಿದಿ, ಉಂಡ ಬಾ," ಎಂದು ಒಬ್ಬನನ್ನು ಇಳಿಸಿದನಂತೆ.

ಶಟ್ಟೆವ್ವನಿಗೆ ಈಗ ಕಾಲ್ಮರಿ ಹಾಕಿಕೊಳ್ಳುವ ಪರವಾನಗಿ ಸಿಕ್ಕಿತು. ಅಷ್ಟೇ ಅಲ್ಲ, ಬೀಸುವ ಕಲ್ಲನ್ನೂ ಡಿಕ್ಕಿಯಲ್ಲಿ ಇಡಲು ಗಂಡ ಹೇಳಿದ. ತಣ್ಣನೆಯ ಗಾಳಿಯಲ್ಲಿ ಕಿಟಕಿಗೆ ಮುಖ ಕೊಟ್ಟು ಕುಳಿತು ಆಕೆ, "ಕಿತ್ತೂರ ಯಾವಾಗ?" ಎಂದು ಕೇಳಿದರೆ, "ಇಪ್ಪತ್ತ ಆಗಲಿ!" ಎಂಬ ಉತ್ತರ.

ಸತ್ತಿದ್ದ ಮುಳ್ಳೂ ಜೀವ ಹಿಡಿದಿತ್ತು. ಎಷ್ಟು ಜೀವವೆಂದರೆ, ತುಂಬಿಸಿದ ಪೆಟ್ರೋಲ್ ಮನೆ ಮುಟ್ಟುವುದರೊಳಗೆ ಅರ್ಧಕ್ಕೆ ಇಳಿಯುತ್ತಿತ್ತು. ಮೊದಮೊದಲು, "ಮುಳ್ಳು ರಿಪೇರಿ ಆತು," ಎಂದು ಹಿಗ್ಗಿದ ಬಸವಣ್ಣೆಪ್ಪನಿಗೆ ಆಮೇಲೆ ತಲೆ ತಿರುಗಿತು. ಎವರೇಜು ಏರುತ್ತಿದೆ, ಪೆಟ್ರೋಲ್ ತೀರುತ್ತಿದೆ. ಎಂದಮೇಲೆ ಕಳ್ಳರು ಪಂಪಿನವರೇ. ಅಳತೆ ತೂಕ ನೋಡುವ ಸರಕಾರಿ ಸಾಹೇಬರು ಊರಿಗೆ ಬಂದ ದಿನ ಹೋಗಿ ಅವರ ಕೈ ಹಿಡಿದು ಪಂಪಿಗೆ ಎಳೆದುಕೊಂಡು ಬಂದ.

ಸಾಹೇಬರು ಸಮಾಧಾನದ ಮನುಷ್ಯ. ಅಳತೆಯ ಡಬ್ಬಿ ಇಟ್ಟು ಪೆಟ್ರೋಲ್ ಹಿಡಿಸಿದರು. ಗೆರೆಗೆ ಸರಿಯಾಗಿ ನಿಂತಿತು. ಮತ್ತೊಮ್ಮೆ ಹಿಡಿಸಿದರು. ಮತ್ತೂ ಸರಿ.

"ಪಂಪ್ ಸರಿ ಐತ್ರಿ ಯಜಮಾನ್ರ. ನಿಮ್ಮ ಗಾಡಿ ಎಷ್ಟ ಕೊಡತೈತಿ?"

"ಹದಿಮೂರ್ರಿ."

"ಮೊದಲ?"

"ಐದಿತ್ರಿ."

"ಅಂದ್ರ ಛಲೋ ಆಗೇತಲ್ರಿ. ಮತ್ತ ತಕರಾರ ಏನ?"

"ಐದ ಇದ್ದಾಗ ಪೆಟ್ರೋಲ್ ತೀರತಿರಲಿಲ್ಲ ಸಾಹೇಬ್ರ. ಹದಿಮೂರ ಆದ ಮ್ಯಾಲ ತೀರಾಕತ್ತೇತಿ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆಕಾಶ ನೋಡಿದರು. ಯಮನಪ್ಪ ನಡುವೆ ಬಾಯಿ ಹಾಕಿ, ಗಾಡಿಯಲ್ಲಿ ಬಸ್ಸಿನ ರಕ್ತವಿರುವುದನ್ನು ವಿವರಿಸಿದ. ಸಾಹೇಬರು ಡಬ್ಬಿಯನ್ನು ಜೀಪಿನಲ್ಲಿ ಇಡಿಸಿ, "ನೋಡ್ರಿ, ಹಾಲು, ಎಣ್ಣಿ, ಪೆಟ್ರೋಲ್ ಅಳಿಯೂ ಡಬ್ಬಿ ನಮ್ಮ ಆಫೀಸಿನ್ಯಾಗ ಅದಾವು. ತಲಿ ಅಳಿಯೂ ಡಬ್ಬಿ ಇನ್ನೂ ಬಂದಿಲ್ಲ," ಎಂದು ಹೇಳಿ ಹೊರಟುಹೋದರು. ಜೀಪು ಹತ್ತುವಾಗ ತಮ್ಮ ಡ್ರೈವರನನ್ನು, "ನಮ್ಮದ ಎಷ್ಟ ಕೊಡತೈತಿ?" ಎಂದು ಅವರು ಅನುಮಾನದಿಂದ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಯುಗಾದಿಯ ಹಿಂದಿನ ಭಾನುವಾರ ಬಂತು. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡದ ಬುಡಕ್ಕೆ ಬದನೇಕಾಯಿ ಕಾರು ಬಂದು ನಿಂತಿತು. ಆ ಕಡೆಯಿಂದ ಮಡಿವಾಳೆಪ್ಪ ಮಗಳು ಪ್ರಣಿತಾಳ ಸ್ಕೂಟರಿನ ಹಿಂದೆ ಕುಳಿತು ಬಂದ. ಪ್ರಣಿತಾ ಕಿತ್ತೂರಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ, ಭಾನುವಾರದ ಸೂಟಿಗೆ ಸುರೇಬಾನಕ್ಕೆ ಬಂದಿದ್ದಳು. ಅಪ್ಪ ಜೊತೆಗೆ ಎಮ್ಮೆಯ ಹಗ್ಗವನ್ನೂ ತಂದಿದ್ದ. ಎಮ್ಮೆ ಆಮೇಲೆ, ಮೊದಲು ಹಗ್ಗ ಒಪ್ಪಿಸುವುದು ಎಂದು ಅವನ ಇರಾದೆ. ಆ ಹಗ್ಗ ನೋಡಿ ಶಟ್ಟೆವ್ವ ಕಣ್ಣು ತುಂಬಿಕೊಂಡಳು.

ಬಸವಣ್ಣೆಪ್ಪ ಸ್ಟೇರಿಂಗಿಗೆ ಕೈಮುಗಿದ. ಪಕ್ಕದಲ್ಲಿ ಕಾಲ್ಗುಣದ ಕಾಡವ್ವ. ಹಿಂದೆ ಶಟ್ಟೆವ್ವ, ಯಮನಪ್ಪ, ಪರೀಕ್ಷಕನಾಗಿ ಮಡಿವಾಳೆಪ್ಪ. ಡಿಕ್ಕಿಯಲ್ಲಿ ಬೀಸುವ ಕಲ್ಲು. ಕಡ್ಡಿ ಒತ್ತಿ ಎಲ್ಲರ ಎದುರಿಗೆ ಸೊನ್ನೆ ಮಾಡಿದ. ಏಸಿಯನ್ನು ಕೊನೆಯ ತನಕ ತಿರುಗಿಸಿದ. ಮೊದಲನೇ ಗೇರು ಹಾಕಿ ಕಾಲೂರಿದ.

ಕಾರು ಒದರಿದ ದನಿಗೆ ಗುಡ್ಡದ ಕಪಿಗಳು ಗಿಡ ಬಿಟ್ಟು ಓಡಿದವು.

"ಹದಿನಾಕ!" ಎಂದು ಕೂಗಿದ ಯಮನಪ್ಪ.

"ಗೇರ್ ಬದಲಸ್ರಿ ಮಾವಾರ, ಇಂಜಿನ್ ಸಿಡೀತೈತಿ!"

"ಬದಲಸಿದ್ರ ಎವರೇಜ್ ಇಳೀತೈತಿ, ನೀ ಸುಮ್ನ ಕುಂಡ್ರ!"

"ಹದಿನಾರ! ಕಾಡವ್ವಾ, ಅಲ್ಲಾಡಬ್ಯಾಡ!"

"ಉಸಿರರ ತಗೋಲ್ಯೊ ಬ್ಯಾಡೊ?"

ಸ್ಟೇರಿಂಗಿನ ಮುಂದೆ ಕಿತ್ತಳೆ ಬಣ್ಣದ ದೀಪವೊಂದು ಹತ್ತಿಕೊಂಡಿತು. ಪೆಟ್ರೋಲ್ ತೀರುತ್ತ ಬಂದಾಗ ಹತ್ತುವ ದೀಪ ಅದು. "ಅವ್ವ ದೀಪಾ ಹಚ್ಚ್ಯಾಳ!" ಎಂದು ಬಸವಣ್ಣೆಪ್ಪ ಅಲ್ಲಿಂದಲೇ ಗುಡ್ಡಕ್ಕೆ ಒಂದು ಕೈ ಎತ್ತಿ ಮುಗಿದ. ಹದಿನೆಂಟು. ಹತ್ತೊಂಬತ್ತು. ಕಾರಿನೊಳಗೆ ಯಾರೂ ಉಸಿರಾಡಲಿಲ್ಲ, ಕಾಡವ್ವ ಕೂಡ.

"ಇಪ್ಪತ್ತ!"

ಅದೇ ಗಳಿಗೆಗೆ ಕಾರು ಗುಳುಕ್ ಎಂದು ಬಿಕ್ಕಿ, ಎರಡು ಸಲ ಕೆಮ್ಮಿ, ನಿಂತಿತು. ಪೆಟ್ರೋಲ್ ತೀರಿತ್ತು. ಯಮನಪ್ಪ ಜಿಗಿದು ಗಾಲಿಯ ಹಿಂದೆ ಕಲ್ಲು ಇಟ್ಟ. ಬಸವಣ್ಣೆಪ್ಪ ಮಾತ್ರ ಇಳಿದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ನಡುರಸ್ತೆಯಲ್ಲಿ ನಿಂತು, "ನೋಡ ಮಡಿವಾಳೆಪ್ಪಾ, ಕಣ್ಣ ತುಂಬ ನೋಡ! ಇಪ್ಪತ್ತ!" ಎಂದ. ಶಟ್ಟೆವ್ವ ಕಣ್ಣೊರೆಸಿಕೊಂಡು ಹಗ್ಗವನ್ನು ತಮ್ಮನ ಮಡಿಲಿಗೆ ಎಸೆದಳು.

ಹಿಂದಿನಿಂದ ಸ್ಕೂಟರಿನಲ್ಲಿ ಬಂದ ಪ್ರಣಿತಾ ಕಿಟಕಿಯಲ್ಲಿ ಬಗ್ಗಿ ಅಂಕಿ ನೋಡಿದಳು. ಅಂಕಿಯ ಕೆಳಗಿನದನ್ನೂ ನೋಡಿದಳು.

"ಮಾಮಾ, ಗಾಡಿಗೆ ಏನ ಮಾಡೀರಿ? ಇದು ನೂರ ಕಿಲೋಮೀಟರಿಗೆ ಎಷ್ಟ ಲೀಟರ್ ಕುಡೀತು ಅಂತ ತೋರಸ್ತೈತಿ. ಇಪ್ಪತ್ತ ಲೀಟರ್ ಕುಡದೈತಿ!"

ಬಸವಣ್ಣೆಪ್ಪ ಚಾಳೀಸು ಏರಿಸಿಕೊಂಡು ಗಾಜಿನ ಹತ್ತಿರ ಬಗ್ಗಿದ.

"ಅಂದ್ರ... ಮೊದಲನೇ ದಿನ ಐದ ಇದ್ದದ್ದು?"

"ಲೀಟರಿಗೆ ಇಪ್ಪತ್ತ ಕೊಟ್ಟಿತ್ತು ಮಾಮಾ."

"ಈಗ ಇಪ್ಪತ್ತ ಇರೂದು?"

 ಲೆಕ್ಕ ನಮ್ಮ ಕಡೆಯ ಪದ್ಧತಿಗೆ ತಿರುಗುವ ತನಕ ಪ್ರಣಿತಾ ಕಡ್ಡಿಯನ್ನು ಒತ್ತಿ ಹಿಡಿದಳು. ಅಂಕಿ ಮಿಣಮಿಣ ಎಂದಿತು. ಇಪ್ಪತ್ತು ಇದ್ದ ಜಾಗದಲ್ಲಿ ಐದು ಬಂದು ಕುಳಿತಿತು.

ಬಸವಣ್ಣೆಪ್ಪ ಬಾನೆಟ್ ಹಿಡಿದುಕೊಂಡ. ಶಿವರಾತ್ರಿಯಿಂದ ಈ ತನಕ, ಊರಿನ ದಪ್ಪ ಮಂದಿಯನ್ನೆಲ್ಲ ಹೊತ್ತು, ಬೀಸುವ ಕಲ್ಲು ಹೇರಿ, ಸರಕಾರಿ ಸಾಹೇಬರ ತಲೆ ಕೆಡಿಸಿ, ಅವನು ಸಾಧಿಸಿದ್ದು ಇಷ್ಟು: ಇಪ್ಪತ್ತು ಕೊಡುತ್ತಿದ್ದ ಗಾಡಿ ಈಗ ಖರೇನೇ ಐದು ಕೊಡುತ್ತಿತ್ತು.

"ಹಂಗಾರ ನನ್ನ ಕಾಲ್ಗುಣಾ?" ಎಂದಳು ಕಾಡವ್ವ.

"ಕಾಲ್ಗುಣಾ ಛಲೋ ಐತ್ರಿ ಅವ್ವಾರ," ಎಂದಳು ಪ್ರಣಿತಾ ಮೆಲ್ಲಗೆ. "ಪೆಟ್ರೋಲ್ ಪಂಪಿನವರಿಗೆ."

ಯಮನಪ್ಪ ಮುಂದೆ ಬಂದು ಕೇಳಿದ: "ತಂಗೀ, ನಾ ಮೆಲ್ಲಕ ಹೊಡದಾಗ ನಾಕೂವರಿ ಬಂದಿತ್ತಲ್ಲ, ಅದು?"

"ಇಪ್ಪತ್ತೆರಡರ ಮ್ಯಾಲ ಆತ್ರಿ ಕಾಕಾ."

ಯಮನಪ್ಪ ತನ್ನ ಬಲಗಾಲನ್ನು ನೋಡಿಕೊಂಡ. ಆಮೇಲೆ ಅಲ್ಲಿದ್ದವರ ಕೈಯನ್ನೆಲ್ಲ ಒಬ್ಬೊಬ್ಬರದಾಗಿ ಕುಲುಕಿದ. ದಾರಿಯಲ್ಲಿ ನಡೆದು ಹೋಗುತ್ತಿದ್ದ ಗುರುತಿಲ್ಲದ ಭಕ್ತನೊಬ್ಬನ ಕೈಯನ್ನೂ ಬಿಡಲಿಲ್ಲ. "ಇಪ್ಪತ್ತೆರಡ್ರಿ! ಈ ಕಾಲಿನಾಗ!"

ಮಡಿವಾಳೆಪ್ಪ ಅಷ್ಟರಲ್ಲಿ ಹಗ್ಗ ಹಿಡಿದು ಎದ್ದಿದ್ದ. "ಐದ ತೋರಸಾಕತ್ತೇತಿ. ಗಾಡಿ ನಂದು."

"ಇಪ್ಪತ್ತ ತೋರಿಸ್ತು, ನೀನ ನೋಡೀದಿ. ಗಾಡಿ ನಂದು!"

"ಆ ಇಪ್ಪತ್ತ ಐದ ಇತ್ರಿ!"

"ಐದ ಆಗೂಕಿಂತ ಮೊದಲ ಇಪ್ಪತ್ತ ಇತ್ತು!"

ಪ್ರಣಿತಾ ಸ್ಕೂಟರಿನಲ್ಲಿ ಇಳಿದು ಹೋಗಿ ಪೆಟ್ರೋಲ್ ತಂದಾಗಲೂ ಇಬ್ಬರೂ ಅಲ್ಲೇ ಇದ್ದರು. ಕೊನೆಗೆ ಮಡಿವಾಳೆಪ್ಪನೇ, "ಸರಿಯಾದ ಲೆಕ್ಕದಾಗ ಇನ್ನೊಮ್ಮೆ ಸೊನ್ನಿ ಮಾಡ್ರಿ. ಬುಡ ಮುಟ್ಟೂದ್ರಾಗ ಏನ ಬರತೈತೋ ಅದನ್ನ ಒಪ್ಪೂಣು," ಎಂದ. ಪ್ರಣಿತಾ ಸ್ಟೇರಿಂಗಿಗೆ ಕುಳಿತಳು. ಬಸವಣ್ಣೆಪ್ಪ ಸ್ಕೂಟರಿಗೆ ಬರುವುದಿಲ್ಲವೆಂದು ಹಟ ಹಿಡಿದು ಕಾರಿನಲ್ಲೇ ತೂರಿಕೊಂಡ. ಸ್ಕೂಟರನ್ನು ಯಮನಪ್ಪ ತನ್ನ ಹಾರ ಕಂಡ ಕಾಲಿನಿಂದ ಇಳಿಸಿದ. ಇಳಿಜಾರಿನಲ್ಲಿ ಇಂಜಿನ್ನಿಗೆ ಏನು ಕೆಲಸ? ಪ್ರಣಿತಾ ಎಕ್ಸಿಲೇಟರ್ ಮುಟ್ಟಲೇ ಇಲ್ಲ. ಬುಡದಲ್ಲಿ ಅಂಕಿ ತೊಂಬತ್ತೊಂಬತ್ತಾಗಿತ್ತು. ಅದಕ್ಕೂ ಮೇಲೆ ತೋರಿಸಲು ಗಾಜಿನಲ್ಲಿ ಜಾಗವಿರಲಿಲ್ಲ.

ಮಡಿವಾಳೆಪ್ಪ ಇಳಿದು ರಸ್ತೆಯ ಕಲ್ಲಿನ ಮೇಲೆ ಕುಳಿತ. ಬಸವಣ್ಣೆಪ್ಪನೂ ಅವನ ಮಗ್ಗುಲಲ್ಲಿ ಕುಳಿತು, ವೈರ ಮರೆತು ಕೇಳಿದ: "ಅಳಿಯಾ, ಇದು ಈಗ ಛಲೋನೋ, ಕೆಟ್ಟೋ?"

"ನನಗೂ ತಿಳೀವಲ್ದು ಮಾವಾರ."

ಶಟ್ಟೆವ್ವ ಕಾರಿನ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಐದೂ ನೋಡಿದ್ರಿ, ಇಪ್ಪತ್ತೂ ನೋಡಿದ್ರಿ, ತೊಂಬತ್ತೊಂಬತ್ತೂ ನೋಡಿದ್ರಿ. ಇಲ್ಲಿಗೆ ಸಾಕು. ತಮ್ಮಾ, ಎಮ್ಮಿ ನಿನ್ನ ಕೊಟ್ಟಿಗ್ಯಾಗ ಇರಲಿ. ಗಾಡಿ ನನ್ನ ಅಂಗಳದಾಗ ಇರತೈತಿ. ಪ್ರಣಿತಾ, ನಾಳಿ ನೀ ಡ್ಯೂಟಿಗೆ ಕಿತ್ತೂರಿಗೆ ಹೋಗಾಕಿ ಅಲ್ಲ? ನಾನೂ ಬರತೇನಿ. ಇದರಾಗನ ಹೋಗೂಣು."

 ಮಡಿವಾಳೆಪ್ಪ ಹಗ್ಗ ಸುತ್ತಿಕೊಂಡು ಮಗಳ ಸ್ಕೂಟರಿನಲ್ಲಿ ಸುರೇಬಾನಕ್ಕೆ ಹೋದ. ಪ್ರಣಿತಾ ಉಳಿದವರನ್ನು ಬೈಲಹೊಂಗಲಕ್ಕೆ ಕರೆತಂದಳು. ದಾರಿಯಲ್ಲಿ ಒಂದಿಷ್ಟು ದೂರ ಬಸವಣ್ಣೆಪ್ಪ ಓಡಿಸಲು ನೋಡಿದ, ಆಗಲಿಲ್ಲ. ಒತ್ತಬೇಕೋ ಎತ್ತಬೇಕೋ ಎಂದು ಕಾಲು ಗಾಳಿಯಲ್ಲೇ ನಿಂತುಬಿಡುತ್ತಿತ್ತು. "ಖುಷಿ ಇದ್ದಾಗ ಎವರೇಜ್ ಇರಲಿಲ್ಲ. ಎವರೇಜ್ ಬಂತು, ಖುಷಿ ಹೋತು," ಎಂದು ಅವನು ಇಳಿದು ಹಿಂದಿನ ಸೀಟಿಗೆ ಬಂದ.

ಮರುದಿನ ಮುಂಜಾನೆ, ರಾಮದುರ್ಗದ ಮೊದಲ ಬಸ್ಸು ಬಿಡುವ ಹೊತ್ತು. ಬುತ್ತಿ ಕಟ್ಟಿಯಾಗಿತ್ತು. ಬೀಸುವ ಕಲ್ಲು ಡಿಕ್ಕಿಯಿಂದ ಅಡುಗೆಮನೆಗೆ ಮರಳಿತ್ತು. ಪ್ರಣಿತಾ ಸ್ಟೇರಿಂಗಿಗೆ, ಶಟ್ಟೆವ್ವ ಹೊಸ ಇಳಕಲ್ ಸೀರೆಯುಟ್ಟು ಮುಂದಿನ ಸೀಟಿಗೆ. ಬಸವಣ್ಣೆಪ್ಪ ಒಗೆದ ಧೋತರ ಉಟ್ಟು, ಹಿಂದಿನ ಸೀಟಿನ ತನ್ನ ಜಾಗಕ್ಕೆ ಟವಲು ಹಾಸಿ, ಬುತ್ತಿಗಂಟು ಇಟ್ಟ. ಆಮೇಲೆ ರೂಢಿಯಂತೆ ಒಮ್ಮೆ ಗಾಡಿಯ ಸುತ್ತ ಬಂದು, ಬಾಗಿಲುಗಳನ್ನೆಲ್ಲ ಒತ್ತಿ ನೋಡಿ, ಡಿಕ್ಕಿಯ ಮೇಲೆ ಎರಡು ಪೆಟ್ಟು ಬಡಿದು, ಎದೆ ತುಂಬ ಉಸಿರೆಳೆದು ಕೂಗಿದ:

"ರೈಟ್!"

ಕಾರು ಹೊರಟಿತು.

ಇಡೀ ಸರ್ವೀಸಿನಲ್ಲಿ ಬಸವಣ್ಣೆಪ್ಪ ಮೆಟ್ಟಿಲ ಮೇಲೆ ಕಾಲಿಡದೆ ರೈಟ್ ಹೇಳಿದವನಲ್ಲ. ಈ ಗಾಡಿಗೆ ಮೆಟ್ಟಿಲು ಇರಲಿಲ್ಲ. ಎರಡೂ ಕಾಲು ನೆಲದ ಮೇಲಿದ್ದವು. ಧೂಳಿನಲ್ಲಿ ಬದನೇಕಾಯಿ ಬಣ್ಣ ತಿರುವು ದಾಟುವುದನ್ನು ನೋಡುತ್ತ ನಿಂತ. ಪಕ್ಕದ ಕಟ್ಟೆಯಿಂದ ಯಮನಪ್ಪ ಕೇಳಿದ:

"ಯಾರ ಹೋದ್ರೋ?"

"ಶಟ್ಟೆವ್ವ, ಪ್ರಣಿತಾ," ಎಂದ ಬಸವಣ್ಣೆಪ್ಪ. ಬರಿ ಹೆಗಲು ಮುಟ್ಟಿ ನೋಡಿಕೊಂಡು, "ನನ್ನ ಟವಲೂ," ಎಂದ.